ತೂಕ ನಾರ್ಮಲ್, ಆದ್ರೂ ಶುಗರ್. ಡಾಕ್ಟರ್ ‘ಒಳಗೆ ಉರಿಯೂತ ಇದೆ’ ಅಂದ್ರು. ಹಾಗಂದ್ರೆ ಏನು?

ಬೆಣ್ಣೆದೋಸೆ_ದಾವಣಗೆರೆ · ಸೋಮವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಬರೆಯುತ್ತಿರುವುದು ಇದೇ ಮೊದಲು.

ನಮ್ಮ ಮನೆಯವರಿಗೆ 46 ವರ್ಷ. ಎತ್ತರ 168 ಸೆಂಟಿಮೀಟರ್, ತೂಕ 64 ಕೆಜಿ. ನೆಂಟರು ಬಂದಾಗಲೆಲ್ಲ "ಏನಮ್ಮ, ಇವನಿಗೆ ಸರಿಯಾಗಿ ಊಟ ಹಾಕಲ್ವಾ" ಅಂತ ನನ್ನನ್ನೇ ಕೇಳುತ್ತಾರೆ. ಅಂಥವರಿಗೆ ಹೋದ ವಾರ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ಲೆಕ್ಕ) 7.4 ಬಂದಿದೆ. ಪ್ಯಾಕೇಜಿನಲ್ಲಿ ಸೇರಿದೆ ಅಂತ ಹೈ ಸೆನ್ಸಿಟಿವಿಟಿ ಸಿಆರ್‌ಪಿ ಅನ್ನೋದನ್ನೂ ಮಾಡಿದ್ದರು, ಉರಿಯೂತ ನೋಡುವ ರಕ್ತ ಪರೀಕ್ಷೆಯಂತೆ. ಅದು 4.2. ಡಾಕ್ಟರ್ ಮೆಟ್‌ಫಾರ್ಮಿನ್ ಅನ್ನೋ ಶುಗರ್ ಮಾತ್ರೆ ಬರೆದರು. ಸಿಆರ್‌ಪಿ ಸುತ್ತ ಪೆನ್ನಿನಲ್ಲಿ ಒಂದು ಸುತ್ತು ಹಾಕಿ "ಒಳಗೆ ಸ್ವಲ್ಪ ಇನ್‌ಫ್ಲಮೇಶನ್ ಇದೆ" ಅಂದರು. ಬಿಡಿಸಿ ಕೇಳೋಣ ಅಂದರೆ ಬಾಗಿಲಾಚೆ ಹದಿನೈದು ಜನ ಕಾಯುತ್ತಿದ್ದರು.

ನನಗೆ ಗೊತ್ತಿರುವ ಉರಿಯೂತ ಅಂದರೆ ಕಾಲು ಉಳುಕಿದಾಗ ಆಗುವುದು. ಊದುತ್ತದೆ, ಕೆಂಪಾಗುತ್ತದೆ, ಮುಟ್ಟಿದರೆ ಬಿಸಿ. ಇವರಿಗೆ ಎಲ್ಲೂ ಊದಿಲ್ಲ, ಎಲ್ಲೂ ಉರಿಯುತ್ತಿಲ್ಲ. ಇರುವುದು ಶುಗರ್. ರೋಗದ ಜೊತೆ ಹೊಡೆದಾಡುವ ಬಿಳಿ ರಕ್ತಕಣಕ್ಕೂ ಸಕ್ಕರೆಗೂ ಏನು ಸಂಬಂಧ?

ಇನ್ನೊಂದು. ನಮ್ಮ ಬೀದಿಯವರೊಬ್ಬರು "ಉರಿಯೂತ ಇಳಿಸೋ ಪುಡಿ" ಅಂತ ಒಂದು ಡಬ್ಬಿ ತಂದುಕೊಟ್ಟಿದ್ದಾರೆ. ತಿಂಗಳಿಗೆ 2,400 ರೂಪಾಯಿ. ಅರಿಶಿನದ ಸತ್ವ, ಮೆಣಸಿನ ಸತ್ವ, ಇನ್ನೂ ಏನೇನೋ ಇದೆಯಂತೆ. ಅತ್ತೆಗೆ ಅದರ ಮೇಲೆ ಬಹಳ ನಂಬಿಕೆ. ಕೊಡಬಹುದಾ?

ಕಷಾಯ_ಕಾಕಾ · ರಾತ್ರಿ 9.52

ಪುಡಿಗಿಡಿ ಏನೂ ಬೇಡ ತಂಗಿ. ಮೆಂತ್ಯ ರಾತ್ರಿ ನೆನೆಹಾಕಿ, ಬೆಳಗ್ಗೆ ಬರಿ ಹೊಟ್ಟೆಗೆ ಕೊಡು. ನನ್ನ ಶುಗರ್ ಹತ್ತು ವರ್ಷದಿಂದ ಹಿಡಿತದಲ್ಲಿದೆ.

ಅನುಮಾನಪ್ಪ · ರಾತ್ರಿ 9.55

ಕಾಕಾ, ಮಾತ್ರೆ ಎಷ್ಟು ತಗೋತೀರಿ?

ಕಷಾಯ_ಕಾಕಾ · ರಾತ್ರಿ 9.58

ಎರಡು. ಅದು ಬೇರೆ ವಿಷಯ.

ಸ್ಲೈಡ್_ಮೇಷ್ಟ್ರು · ರಾತ್ರಿ 10.35

ನೋಡಮ್ಮ, ನಾನು ಡಾಕ್ಟರಲ್ಲ. ಪೆಥಾಲಜಿ ಲ್ಯಾಬಿನಲ್ಲಿ 31 ವರ್ಷ ಸ್ಲೈಡ್ ಮಾಡಿ, ಹುಡುಗರಿಗೆ ಅದನ್ನೇ ಕಲಿಸಿ ರಿಟೈರ್ ಆದವನು. ಕಣ್ಣಿಗೆ ಕಂಡದ್ದನ್ನು ಹೇಳುತ್ತೇನೆ.

ಕೊಬ್ಬಿನ ತುಂಡನ್ನು ಸ್ಲೈಡ್ ಮಾಡಿದರೆ ಅದರಲ್ಲಿ ಕೊಬ್ಬೇ ಕಾಣುವುದಿಲ್ಲ. ಆಲ್ಕೋಹಾಲು, ಝೈಲೀನು ಅಂತ ಒಂದೊಂದರಲ್ಲೂ ಅದ್ದುವಷ್ಟರಲ್ಲಿ ಎಣ್ಣೆಯೆಲ್ಲ ಕರಗಿ ಹೋಗಿರುತ್ತದೆ. ಉಳಿಯುವುದು ಬರೀ ಉಂಗುರಗಳು. ತೆಳು ಗುಲಾಬಿ ಗೆರೆ, ನಡುವೆ ಖಾಲಿ ಬಿಳಿ. ಒಂದೊಂದು ಉಂಗುರವೂ ಒಂದೊಂದು ಕೊಬ್ಬಿನ ಕೋಶ. ಕೆಲವರದ್ದರಲ್ಲಿ ಉಂಗುರ ಸಣ್ಣ, ಒಂದೇ ಅಳತೆ. ಬೊಜ್ಜು ಇರುವವರದ್ದರಲ್ಲಿ ಉಬ್ಬಿಕೊಂಡು, ಬಸ್ಸಿನಲ್ಲಿ ನಿಂತವರ ಹಾಗೆ ಒಂದನ್ನೊಂದು ಒತ್ತಿಕೊಂಡಿರುತ್ತವೆ. ಅಂಥ ಸ್ಲೈಡಿನಲ್ಲಿ ಅಲ್ಲಲ್ಲಿ ಒಂದು ಉಂಗುರದ ಸುತ್ತ ಮಾತ್ರ ನೀಲಿ ಚುಕ್ಕಿಗಳು ಸಾಲುಗಟ್ಟಿ ಮುತ್ತಿರುತ್ತವೆ. ಶುರುವಿನಲ್ಲಿ ನಾನು ಬಣ್ಣ ಸರಿಯಾಗಿ ತೊಳೆದಿಲ್ಲ, ಕೂತುಬಿಟ್ಟಿದೆ ಅಂತ ಎರಡನೇ ಸಲ ಸ್ಲೈಡ್ ಮಾಡಿದ್ದೂ ಉಂಟು. ಮತ್ತೆ ಅದೇ.

ಆ ಉಂಗುರದ ಕೋಶ ಸತ್ತಿರುತ್ತದೆ. ಸುತ್ತ ಮುತ್ತಿರುವುದು ಮ್ಯಾಕ್ರೋಫೇಜ್ ಅನ್ನುವ ರೋಗನಿರೋಧಕ ಕಣಗಳು. ಹೆಸರಿನ ಅರ್ಥವೇ ‘ದೊಡ್ಡ ತಿಂಡಿಪೋತ’. ಕೀಟಾಣು ತಿನ್ನುವುದು ಅವುಗಳ ಒಂದು ಕೆಲಸ, ಸತ್ತದ್ದನ್ನು ತಿಂದು ಜಾಗ ತೆರವು ಮಾಡುವುದು ಇನ್ನೊಂದು. ಸತ್ತ ಜಿರಳೆಗೆ ಇರುವೆ ಮುತ್ತುತ್ತವಲ್ಲ, ಹಾಗೆ. 2005ರಲ್ಲಿ ಇಟಲಿಯ ಸವೇರಿಯೋ ಚಿಂತಿ ಮತ್ತು ಸಂಗಡಿಗರು ಇದನ್ನೇ ಲೆಕ್ಕ ಹಾಕಿ ತೋರಿಸಿದರು. ಬೊಜ್ಜು ಬಂದ ಇಲಿ ಮತ್ತು ಮನುಷ್ಯರ ಕೊಬ್ಬಿನಲ್ಲಿರುವ ಮ್ಯಾಕ್ರೋಫೇಜ್‌ಗಳಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಹೀಗೆ ಸತ್ತ ಕೊಬ್ಬಿನ ಕೋಶದ ಸುತ್ತಲೇ ಇದ್ದವು. ನೋಡಲು ಕಿರೀಟದ ಹಾಗಿದೆ ಅಂತ ಅದಕ್ಕೆ ಕಿರೀಟದ ಹೆಸರನ್ನೇ ಇಟ್ಟಿದ್ದಾರೆ.

ತೊಂದರೆ ಏನೆಂದರೆ, ಒಂದು ಕೀಟಾಣುವನ್ನು ತಿಂದು ಮುಗಿಸುವುದು ಸುಲಭ. ಕೊಬ್ಬಿನ ಕೋಶ ಆ ಮ್ಯಾಕ್ರೋಫೇಜ್‌ಗಿಂತ ಎಷ್ಟೋ ಪಟ್ಟು ದೊಡ್ಡದು, ಒಳಗೆಲ್ಲ ಎಣ್ಣೆ. ಒಬ್ಬನಿಂದ ಮುಗಿಯುವ ಕೆಲಸವಲ್ಲ. ಹತ್ತಾರು ಬಂದು ಕೂರುತ್ತವೆ, ಎಣ್ಣೆ ಹೀರಿ ಹೀರಿ ತಾವೇ ನೊರೆ ತುಂಬಿದ ಹಾಗೆ ಆಗುತ್ತವೆ, ಇನ್ನಷ್ಟು ಜನ ಬನ್ನಿ ಅಂತ ಕರೆ ಕಳಿಸುತ್ತವೆ. ನಿಮ್ಮ ಡಾಕ್ಟರ್ ಹೇಳಿದ ಉರಿಯೂತ ಇದು. ಕೆಂಪಾಗಲ್ಲ, ಊದಲ್ಲ, ನೋಯಲ್ಲ. ಮೈಕ್ರೋಸ್ಕೋಪಿನಡಿ ಮಾತ್ರ ಕಾಣುತ್ತದೆ.

ಬೆಣ್ಣೆದೋಸೆ_ದಾವಣಗೆರೆ · ರಾತ್ರಿ 10.50

ಮೇಷ್ಟ್ರೇ, ಜಿರಳೆ ಉದಾಹರಣೆ ಚೆನ್ನಾಗಿ ತಲೆಗೆ ಹೋಯಿತು. ಆದರೆ ಇರುವೆ ಮುತ್ತಿದರೆ ಸಕ್ಕರೆ ಯಾಕೆ ಏರಬೇಕು?

ಮುಗಿಯದ_ಪಿಎಚ್‌ಡಿ · ಮಂಗಳವಾರ, ಬೆಳಗ್ಗೆ 6.15

ಅಕ್ಕ, ಇದು ನನ್ನ ಅಡ್ಡಾ. ನಾನು ಇಮ್ಯುನಾಲಜಿ ಓದುತ್ತಿರುವವಳು. ಇಲಿಗಳ ಹೊಟ್ಟೆಯ ಕೊಬ್ಬು ತೆಗೆದು, ಅರೆದು, ಕಣ ಎಣಿಸುವುದು ನನ್ನ ದಿನದ ಕೆಲಸ. ಅಮ್ಮನಿಗೆ ಇದನ್ನು ಹೇಳಿದಾಗ "ಅದಕ್ಕೆ ಇಷ್ಟು ವರ್ಷ ಬೇಕಾ" ಅಂದರು.

ಊಟ ಆದ ಮೇಲೆ ಇನ್ಸುಲಿನ್ ಬಂದು ಸ್ನಾಯುವಿನ, ಕೊಬ್ಬಿನ ಕೋಶದ ಕಾಲಿಂಗ್ ಬೆಲ್ ಒತ್ತುತ್ತದೆ. ಒಳಗೆ ತಂತಿಯಲ್ಲಿ ಸಂದೇಶ ಹೋಗಿ ಬಾಗಿಲು ತೆರೆಯುತ್ತದೆ, ಸಕ್ಕರೆ ಒಳಗೆ ಹೋಗುತ್ತದೆ. ಮೇಷ್ಟ್ರು ಹೇಳಿದ ಮ್ಯಾಕ್ರೋಫೇಜ್‌ಗಳು ಕೂತಲ್ಲಿಂದ ಟಿಎನ್‌ಎಫ್, ಐಎಲ್-1 ಬೀಟಾ ಅನ್ನುವ ರಾಸಾಯನಿಕ ಚೀಟಿಗಳನ್ನು ಬಿಡುತ್ತವೆ. ಅವು ತಾಗಿದ ಕೋಶದೊಳಗೆ ಆ ತಂತಿಯ ಮೊದಲ ಜೋಡಣೆಗೇ ತಪ್ಪು ಜಾಗದಲ್ಲಿ ಫಾಸ್ಫೇಟ್ ಅಂಟಿಕೊಳ್ಳುತ್ತದೆ. ಬೆಲ್ ಒತ್ತಿದರೂ ಒಳಗೆ ಸದ್ದಿಲ್ಲ. ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಪಾಪ ಮೇದೋಜೀರಕ ಗ್ರಂಥಿ ಇನ್ನೂ ಜಾಸ್ತಿ ಇನ್ಸುಲಿನ್ ಮಾಡಿ ಒತ್ತುತ್ತಲೇ ಇರುತ್ತದೆ, ಸುಸ್ತಾಗುವವರೆಗೆ.

ಮೊದಲ ಸುಳಿವು ಸಿಕ್ಕಿದ್ದು 1993ರಲ್ಲಿ. ಗೋಖಾನ್ ಹೋತಮಿಸ್ಲಿಗಿಲ್ ಮತ್ತು ಬ್ರೂಸ್ ಸ್ಪೀಗಲ್‌ಮನ್ ತಂಡ ದಪ್ಪ ಇಲಿಗಳ ಕೊಬ್ಬಿನಲ್ಲಿ ಟಿಎನ್‌ಎಫ್ ಜಾಸ್ತಿ ಇರುವುದನ್ನು ಕಂಡಿತು. ಆಗ ಎಲ್ಲರೂ ಕೊಬ್ಬಿನ ಕೋಶವೇ ಇದನ್ನು ಮಾಡುತ್ತಿದೆ ಅಂದುಕೊಂಡರು. ಹತ್ತು ವರ್ಷ ಹಾಗೇ ನಡೆಯಿತು. 2003ರಲ್ಲಿ ಅಮೆರಿಕದ ಎರಡು ತಂಡಗಳು ಒಂದೇ ಸಮಯಕ್ಕೆ, ಬೇರೆ ಬೇರೆಯಾಗಿ, ಟಿಎನ್‌ಎಫ್ ಬಹುಪಾಲು ಬರುವುದು ಕೊಬ್ಬಿನಲ್ಲಿ ಸೇರಿಕೊಂಡ ಮ್ಯಾಕ್ರೋಫೇಜ್‌ಗಳಿಂದ ಅಂತ ತೋರಿಸಿದವು. ತೆಳ್ಳಗಿನ ಇಲಿಯ ಕೊಬ್ಬಿನಲ್ಲಿ ನೂರು ಕೋಶಕ್ಕೆ ಹತ್ತಕ್ಕಿಂತ ಕಡಿಮೆ ಮ್ಯಾಕ್ರೋಫೇಜ್. ತೀರಾ ದಪ್ಪ ಇಲಿಯಲ್ಲಿ 50ಕ್ಕಿಂತ ಜಾಸ್ತಿ! ನಾವು ಕೊಬ್ಬು ಅಂತ ಕರೆಯುವ ಆ ಮುದ್ದೆಯಲ್ಲಿ ಅರ್ಧ ಕೋಶಗಳು ಕೊಬ್ಬಿನವೇ ಅಲ್ಲ.

ಆಮೇಲೆ ಒಂದೊಂದೇ ಕಣದ ಹೆಸರು ಸೇರುತ್ತಾ ಹೋಯಿತು. 2009ರಲ್ಲಿ ಮೂರು ತಂಡಗಳು ಟಿ ಕಣ ಅನ್ನುವ ಬಿಳಿ ರಕ್ತಕಣಗಳನ್ನು ಹಿಡಿದವು. ಗಲಾಟೆ ಮಾಡುವ ಟಿ ಕಣ ಜಾಸ್ತಿ ಆಗುತ್ತವೆ, ಗಲಾಟೆ ನಿಲ್ಲಿಸುವ ಟಿ ಕಣ ಕಮ್ಮಿ ಆಗುತ್ತವೆ. 2011ರಲ್ಲಿ ಬಿ ಕಣ, ಇಯೊಸಿನೊಫಿಲ್. ಹೌದು, ನಿಮ್ಮ ಮಗುವಿಗೆ ಅಲರ್ಜಿ ಆದಾಗ ಬ್ಲಡ್ ರಿಪೋರ್ಟಿನಲ್ಲಿ ಜಾಸ್ತಿ ಬರುವ ಅದೇ ಇಯೊಸಿನೊಫಿಲ್. ತೆಳ್ಳಗಿನ ಇಲಿಯ ಕೊಬ್ಬಿನಲ್ಲಿ ಅದು ಶಾಂತಿ ಕಾಯುವ ಕೆಲಸ ಮಾಡುತ್ತದೆ.

ಈಗ ನನಗೆ ತುಂಬಾ ಇಷ್ಟವಾದ ಪ್ರಶ್ನೆ. ದೇಹ ಇಂಥ ಪೆದ್ದು ಏರ್ಪಾಡನ್ನು ಯಾಕೆ ಇಟ್ಟುಕೊಂಡಿದೆ? ಜ್ವರ ಬಂದಾಗ ಶುಗರ್ ಏರುವುದನ್ನು ಮನೆಯಲ್ಲಿ ಶುಗರ್ ಇರುವವರೆಲ್ಲ ಕಂಡಿರುತ್ತೀರಿ. ಸೋಂಕು ಬಂದಾಗ ಬಿಳಿ ರಕ್ತಕಣಗಳಿಗೆ ಸಕ್ಕರೆ ಬೇಕು. ಸ್ನಾಯು ಎರಡು ದಿನ ಸಕ್ಕರೆ ತಗೋಬೇಡ, ಸೈನ್ಯಕ್ಕೆ ಬಿಡು ಅನ್ನುವ ಏರ್ಪಾಡು ಅದು. ಎರಡು ದಿನಕ್ಕೆ ಒಳ್ಳೆಯದೇ. ಮದುವೆಗೆ ಬೀದಿ ಅಡ್ಡಗಟ್ಟಿ ಪೆಂಡಾಲ್ ಹಾಕಿದರೆ ಯಾರೂ ಏನೂ ಅನ್ನುವುದಿಲ್ಲ, ಅಲ್ವಾ? ಮದುವೆ ಮುಗಿದು ಹತ್ತು ವರ್ಷವಾದರೂ ಬಿಚ್ಚದಿದ್ದರೆ?

ಹುಬ್ಬಳ್ಳಿ_ಮಂದಿ · ಬೆಳಗ್ಗೆ 7.02

ಭಾರೀ ಬರೆದೀರಿ ಮೇಡಂ. ಆದರೆ ಪ್ರಶ್ನೆ ಕೇಳಿದವರ ಯಜಮಾನರು ದಪ್ಪಗಿಲ್ಲವಲ್ಲ? 64 ಕೆಜಿ ಮನುಷ್ಯನಲ್ಲಿ ಇಷ್ಟು ಜಿರಳೆ ಎಲ್ಲಿಂದ ಬಂದವು?

ಸ್ಲೈಡ್_ಮೇಷ್ಟ್ರು · ಬೆಳಗ್ಗೆ 7.30

ಅಮ್ಮ, ಅವರ ಸೊಂಟದ ಅಳತೆ ಎಷ್ಟು? ಪ್ಯಾಂಟಿನ ಸೈಜ್ ಅಲ್ಲ, ಟೇಪ್ ಹಿಡಿದು ಅಳೆದದ್ದು. ಕೆಳಗಿನ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟ ಮೇಲೆ ಅಳೆಯಬೇಕು.

ಬೆಣ್ಣೆದೋಸೆ_ದಾವಣಗೆರೆ · ಬೆಳಗ್ಗೆ 8.10

ಬ್ಲೌಸ್ ಹೊಲಿಯುವ ಟೇಪಿನಲ್ಲಿ ಅಳೆದೆ. 95 ಸೆಂಟಿಮೀಟರ್. ಹೊಟ್ಟೆ ಒಳಗೆ ಎಳೆದುಕೊಂಡು ನಿಂತಾಗ 91. "ಇದೇ ಬರ್ಕೋ" ಅಂದರು. ನಾನು ಬರ್ಕೊಳ್ಳಲಿಲ್ಲ.

ಮುಗಿಯದ_ಪಿಎಚ್‌ಡಿ · ಬೆಳಗ್ಗೆ 8.25

ಅದೇ ನೋಡಿ. ನಮ್ಮ ಕಡೆಯ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು ಅನ್ನುತ್ತಾರೆ. ಎತ್ತರಕ್ಕೆ ತಕ್ಕ ತೂಕದ ಲೆಕ್ಕದಲ್ಲಿ, ಅಂದರೆ ಬಿಎಂಐಯಲ್ಲಿ, ಅವರದ್ದು 22.7. ನಮ್ಮವರಿಗೆ ಇಟ್ಟಿರುವ 23ರ ಗೆರೆಯೊಳಗೇ ಇದೆ. ತಕ್ಕಡಿ ಪಾಸ್ ಮಾಡಿತು, ಟೇಪ್ ಫೇಲ್ ಮಾಡಿತು.

ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರದ್ದು ಈ ವಿಷಯದಲ್ಲಿ ದೊಡ್ಡ ಕೆಲಸ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅವರದ್ದೂ, ಲಂಡನ್ನಿನ ಅವರ ಗೆಳೆಯ ಡಾ. ಜಾನ್ ಯೂಡ್‌ಕಿನ್ ಅವರದ್ದೂ ಅಕ್ಕಪಕ್ಕ ನಿಂತ ಫೋಟೋ ಬಂದಿತ್ತು. ಇಬ್ಬರ ಬಿಎಂಐ ಒಂದೇ, 22.3. ಸ್ಕ್ಯಾನ್ ಮಾಡಿದರೆ ಯೂಡ್‌ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಮೈಯಲ್ಲಿ ಶೇ. 21.2. ತಮ್ಮ ಹೊಟ್ಟೆಯನ್ನೇ ಪುರಾವೆಯಾಗಿ ಅಚ್ಚು ಹಾಕಿಸಿದ ವಿಜ್ಞಾನಿ ಇನ್ನೊಬ್ಬರು ನನಗೆ ಗೊತ್ತಿಲ್ಲ. ಅವರ ತಂಡ ಹುಟ್ಟಿದ ಮಕ್ಕಳನ್ನೂ ಅಳೆದಿದೆ. ಪುಣೆ ಹತ್ತಿರದ ಹಳ್ಳಿಗಳ ಮಕ್ಕಳು ಸರಾಸರಿ 2.7 ಕೆಜಿ, ಇಂಗ್ಲೆಂಡಿನ ಮಕ್ಕಳು 3.5 ಕೆಜಿ. ಆದರೆ ಕಡಿಮೆ ಇದ್ದದ್ದು ಹೆಚ್ಚಾಗಿ ಸ್ನಾಯು. ಚರ್ಮದಡಿಯ ಕೊಬ್ಬು ಅಷ್ಟಾಗಿ ಕಡಿಮೆ ಇರಲಿಲ್ಲ.

ಕೊಬ್ಬು ಎಷ್ಟಿದೆ ಅನ್ನುವುದಕ್ಕಿಂತ ಎಲ್ಲಿದೆ ಅನ್ನುವುದು ಮುಖ್ಯ. ತೊಡೆಯ, ಸೊಂಟದಡಿಯ ಕೊಬ್ಬು ಒಳ್ಳೆಯ ಉಗ್ರಾಣ. ಕರುಳಿನ ಸುತ್ತ ಕೂತದ್ದು ಹಾಗಲ್ಲ. ಅಲ್ಲಿಯ ರಕ್ತ ನೇರವಾಗಿ ಲಿವರ್‌ಗೆ ಹೋಗುತ್ತದೆ. ಕೊಬ್ಬೂ ಹೋಗುತ್ತದೆ, ಆ ಚೀಟಿಗಳೂ ಹೋಗುತ್ತವೆ. ಲಿವರಿನಲ್ಲಿ ಅದರದ್ದೇ ಮ್ಯಾಕ್ರೋಫೇಜ್‌ಗಳ ದೊಡ್ಡ ಪಡೆ ಮೊದಲೇ ಇದೆ, ಅವೂ ರೇಗುತ್ತವೆ. ಸಿಆರ್‌ಪಿ ತಯಾರಾಗುವುದೂ ಲಿವರಿನಲ್ಲೇ. ಅಕ್ಕ, ಅಲ್ಟ್ರಾಸೌಂಡ್ ಮಾಡಿಸಿದ್ದರೆ ಫ್ಯಾಟಿ ಲಿವರ್ ಅಂತ ಬರೆದಿದೆಯಾ ನೋಡಿ.

ಬೆಣ್ಣೆದೋಸೆ_ದಾವಣಗೆರೆ · ಬೆಳಗ್ಗೆ 8.41

ಬರೆದಿದೆ. ಗ್ರೇಡ್ 1. "ಎಲ್ಲರಿಗೂ ಇರತ್ತೆ ಬಿಡಿ" ಅಂದಿದ್ದರು ಸ್ಕ್ಯಾನ್ ಮಾಡಿದವರು.

ಮುಗಿಯದ_ಪಿಎಚ್‌ಡಿ · ಬೆಳಗ್ಗೆ 8.44

ಎಲ್ಲರಿಗೂ ಇರುವುದೇ ತೊಂದರೆ. 2023ರಲ್ಲಿ ಬಂದ ಐಸಿಎಂಆರ್‌ನ ದೊಡ್ಡ ಸಮೀಕ್ಷೆ ನಮ್ಮ ದೇಶದಲ್ಲಿ 10.1 ಕೋಟಿ ಜನರಿಗೆ ಶುಗರ್ ಇದೆ, 13.6 ಕೋಟಿ ಜನ ಹೊಸ್ತಿಲಲ್ಲಿದ್ದಾರೆ ಅಂತ ಹೇಳಿದೆ.

ಅನುಮಾನಪ್ಪ · ಬೆಳಗ್ಗೆ 9.20

ಎಲ್ಲ ಸರಿ. ನನ್ನದೊಂದು ತಕರಾರು. ಉರಿಯೂತವೇ ಕಾರಣ ಅಂತಾದರೆ ಉರಿಯೂತ ಇಳಿಸುವ ಔಷಧ ಕೊಟ್ಟು ಕೆಲಸ ಮುಗಿಸಬಹುದಲ್ಲ? ಕೋವಿಡ್ ಕಾಲದಲ್ಲಿ ನಮ್ಮ ಅಣ್ಣನಿಗೆ ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್ ಕೊಟ್ಟರು. ಅದಕ್ಕಿಂತ ಗಟ್ಟಿಯಾಗಿ ಉರಿಯೂತ ಇಳಿಸುವ ಔಷಧ ಇದೆಯಾ? ಉಸಿರಾಟ ಸರಿಹೋಯಿತು. ಶುಗರ್ 380ಕ್ಕೆ ಏರಿತು. ಯಾವತ್ತೂ ಶುಗರ್ ಇಲ್ಲದ ಮನುಷ್ಯ. ಆಮೇಲೆ ಬ್ಲ್ಯಾಕ್ ಫಂಗಸ್ ಭಯದಲ್ಲಿ ಒಂದು ತಿಂಗಳು ದಿನಾ ಬೆಳಗ್ಗೆ ಅವನ ಮೂಗು, ಕಣ್ಣು ನೋಡುತ್ತಿದ್ದೆವು. ಹಾಗಾದರೆ ನಿಮ್ಮ ಲೆಕ್ಕ ಎಲ್ಲಿ ತಪ್ಪಿತು?

ಮುಗಿಯದ_ಪಿಎಚ್‌ಡಿ · ಮಂಗಳವಾರ, ರಾತ್ರಿ 11.05

ಲ್ಯಾಬಿನಿಂದ ಈಗ ಬಂದೆ. ಅನುಮಾನಪ್ಪನವರ ಪ್ರಶ್ನೆ ದಿನವೆಲ್ಲ ತಲೆಯಲ್ಲಿತ್ತು. ಸ್ಟೀರಾಯ್ಡ್ ಮಟ್ಟಿಗೆ ಉತ್ತರ ಸುಲಭ. ಅದು ಬಿಳಿ ರಕ್ತಕಣಗಳನ್ನು ಸುಮ್ಮನಾಗಿಸುತ್ತದೆ, ಜೊತೆಗೆ ಲಿವರಿಗೆ ಸಕ್ಕರೆ ಮಾಡು ಅಂತ, ಸ್ನಾಯುವಿಗೆ ತಗೋಬೇಡ ಅಂತ ನೇರವಾಗಿ ಹೇಳುತ್ತದೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ.

ಉಳಿದ ಔಷಧಗಳ ಕಥೆ ಉದ್ದ. ಶುರುವಾಗುವುದು 1876ರಲ್ಲಿ. ಜರ್ಮನಿಯ ವಿಲ್ಹೆಲ್ಮ್ ಎಬ್‌ಸ್ಟೈನ್ ಅನ್ನುವ ಡಾಕ್ಟರ್ ಶುಗರ್ ರೋಗಿಗಳಿಗೆ ಸೋಡಿಯಂ ಸ್ಯಾಲಿಸಿಲೇಟ್ ಕೊಟ್ಟರು. ಆಸ್ಪಿರಿನ್ನಿನ ಅಕ್ಕ ಅಂದುಕೊಳ್ಳಿ. ಮೂತ್ರದಲ್ಲಿ ಸಕ್ಕರೆ ಇಳಿಯಿತು. ಇನ್ಸುಲಿನ್ ಕಂಡುಹಿಡಿಯಲು ಇನ್ನೂ 45 ವರ್ಷ ಇತ್ತು! 1901ರಲ್ಲಿ ಮ್ಯಾಂಚೆಸ್ಟರಿನ ವಿಲಿಯಮ್ಸನ್ ಅದನ್ನೇ ಮತ್ತೆ ಕಂಡರು. 1957ರಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದ ರೋಗಿಯೊಬ್ಬರಿಗೆ ಕೀಲುಜ್ವರಕ್ಕೆ ಅಂತ ಭಾರೀ ಪ್ರಮಾಣದ ಆಸ್ಪಿರಿನ್ ಕೊಟ್ಟರೆ ಇನ್ಸುಲಿನ್ನೇ ಬೇಡವಾಯಿತು. ಯಾಕೆ ಅಂತ ಯಾರಿಗೂ ತಿಳಿಯಲಿಲ್ಲ. 2001ರಲ್ಲಿ ಸ್ಟೀವನ್ ಶೋಲ್ಸನ್ ತಂಡ ಆ ಎಳೆ ಹಿಡಿಯಿತು. ಸ್ಯಾಲಿಸಿಲೇಟು ಕೋಶದೊಳಗಿನ ಉರಿಯೂತದ ಒಂದು ಮುಖ್ಯ ಸ್ವಿಚ್ಚನ್ನು ಆರಿಸುತ್ತದೆ. 125 ವರ್ಷ ಬೇಕಾಯಿತು ನೋಡಿ. ನಮ್ಮಮ್ಮನಿಗೆ ಇದನ್ನು ಹೇಳಬೇಕು.

ಹಾಗಂತ ಯಾರೂ ನಾಳೆಯಿಂದ ಆಸ್ಪಿರಿನ್ ನುಂಗಬೇಡಿ. ಅಷ್ಟು ಪ್ರಮಾಣದಲ್ಲಿ ತಗೊಂಡರೆ ಕಿವಿಯಲ್ಲಿ ಗುಂಯ್ ಅನ್ನುತ್ತದೆ, ಹೊಟ್ಟೆಯಲ್ಲಿ ರಕ್ತ ಒಸರುತ್ತದೆ. ಸ್ವಲ್ಪ ಸೌಮ್ಯವಾದ ಸಾಲ್ಸಲೇಟ್ ಕೊಟ್ಟು 48 ವಾರ ನೋಡಿದರು. 2013ರಲ್ಲಿ ಫಲಿತಾಂಶ ಬಂತು. ಎಚ್‌ಬಿಎ1ಸಿ 0.37ರಷ್ಟು ಇಳಿದಿತ್ತು. ಇಳಿದದ್ದು ನಿಜ. ಆದರೆ ಮೆಟ್‌ಫಾರ್ಮಿನ್ ಅದಕ್ಕಿಂತ ಚೆನ್ನಾಗಿ ಇಳಿಸುತ್ತದೆ, ಅಗ್ಗಕ್ಕೆ.

ಟಿಎನ್‌ಎಫ್‌ಗೆ ನೇರವಾಗಿ ತಡೆ ಹಾಕಿದ್ದು ಇನ್ನೂ ಬೇಸರದ ಕಥೆ. ಇಲಿಯಲ್ಲಿ ಕೆಲಸ ಮಾಡಿತು. 1996ರಲ್ಲಿ ಶುಗರ್ ಇರುವ ಮನುಷ್ಯರಿಗೆ ಕೊಟ್ಟರೆ ಏನೂ ಆಗಲಿಲ್ಲ. ಐಎಲ್-1 ತಡೆಯುವ ಅನಾಕಿನ್ರಾವನ್ನು 2007ರಲ್ಲಿ 70 ಜನರಲ್ಲಿ ನೋಡಿದರು. ಒಂದು ಗುಂಪಿಗೆ ಔಷಧ, ಇನ್ನೊಂದಕ್ಕೆ ಬರೀ ನೀರಿನ ಇಂಜೆಕ್ಷನ್. 13 ವಾರಕ್ಕೆ ಎರಡು ಗುಂಪಿನ ಎಚ್‌ಬಿಎ1ಸಿ ವ್ಯತ್ಯಾಸ 0.46. ಆಸೆ ಚಿಗುರಿತು. 2017ರಲ್ಲಿ ಕ್ಯಾಂಟೋಸ್ ಅನ್ನುವ ಭಾರೀ ಪ್ರಯೋಗದ ಫಲಿತಾಂಶ ಬಂತು. ಮೊದಲೇ ಹಾರ್ಟ್ ಅಟ್ಯಾಕ್ ಆಗಿದ್ದ, ಸಿಆರ್‌ಪಿ 2 ಅಥವಾ ಅದಕ್ಕಿಂತ ಜಾಸ್ತಿ ಇದ್ದ 10,061 ಜನ. ಮೂರು ತಿಂಗಳಿಗೊಂದು ಇಂಜೆಕ್ಷನ್, ಅದೂ ಐಎಲ್-1 ಬೀಟಾಗೆ ತಡೆ. ಸರಿಯಾದ ಡೋಸಿನಲ್ಲಿ ಹೃದಯದ ತೊಂದರೆ ಶೇ. 15ರಷ್ಟು ಕಡಿಮೆಯಾಯಿತು. ಉರಿಯೂತ ಬರೀ ನೆರಳಲ್ಲ, ಅದಕ್ಕೂ ಪಾಲಿದೆ ಅಂತ ಗಟ್ಟಿಯಾಗಿ ಹೇಳಿದ್ದು ಈ ಪ್ರಯೋಗ. ಆದರೆ ಹೊಸದಾಗಿ ಶುಗರ್ ಬರುವುದು ಕಡಿಮೆಯಾಗಲಿಲ್ಲ. ಸೋಂಕಿನಿಂದ ಸತ್ತವರು ಸ್ವಲ್ಪ ಜಾಸ್ತಿ. ಸೈನ್ಯವನ್ನು ಮಲಗಿಸಿದರೆ ಕಳ್ಳರು ಬರುತ್ತಾರಲ್ಲ.

ಅನುಮಾನಪ್ಪ · ರಾತ್ರಿ 11.20

ಅಲ್ಲಿಗೆ ನಾನು ಹೇಳಿದ್ದೇ ಆಯಿತು. ಇರುವೆ ಓಡಿಸಿದರೆ ಜಿರಳೆ ಹೋಗುವುದಿಲ್ಲ.

ಮುಗಿಯದ_ಪಿಎಚ್‌ಡಿ · ರಾತ್ರಿ 11.32

ಅಬ್ಬಾ! ಇಷ್ಟು ಉದ್ದ ಬರೆದು ನಾನು ಹೇಳಲಾರದ್ದನ್ನು ಒಂದೇ ಸಾಲಿನಲ್ಲಿ ಹೇಳಿದಿರಿ. ಹೌದು, ಹೆಚ್ಚುಕಡಿಮೆ ಹಾಗೇ. ನಾನಂತೂ ಹಾಗೇ ನಂಬುತ್ತೇನೆ, ನಮ್ಮ ಲ್ಯಾಬಿನಲ್ಲೇ ಒಪ್ಪದವರಿದ್ದಾರೆ.

ನಿಮ್ಮ ಪರವಾಗಿ ಇನ್ನೆರಡು ಸಾಕ್ಷಿ ಕೊಡುತ್ತೇನೆ. 2011ರಲ್ಲಿ ಇಲಿಗಳಿಗೆ ಬರೀ 3 ದಿನ ಕೊಬ್ಬಿನ ಊಟ ಕೊಟ್ಟು ನೋಡಿದರು. ಅಷ್ಟಕ್ಕೇ ಇನ್ಸುಲಿನ್ ಮಾತು ಕೇಳುವುದು ಕಡಿಮೆಯಾಯಿತು, ಮ್ಯಾಕ್ರೋಫೇಜ್‌ಗಳನ್ನು ತೆಗೆದುಹಾಕಿದರೂ ಅಷ್ಟೇ. ವಾರಗಟ್ಟಲೆ ತಿನ್ನಿಸಿದಾಗ ಮಾತ್ರ ಮ್ಯಾಕ್ರೋಫೇಜ್ ಪಾತ್ರ ಬಂತು. ಅಂದರೆ ಬೆಂಕಿ ಹಚ್ಚುವುದು ಅವಲ್ಲ, ಆರದ ಹಾಗೆ ನೋಡಿಕೊಳ್ಳುವುದು ಅವು. ಇನ್ನೊಂದು 2014ರದ್ದು. ಕೊಬ್ಬಿನಲ್ಲಿ ಉರಿಯೂತವೇ ಆಗದ ಹಾಗೆ ಇಲಿ ಮಾಡಿದರು. ಅವು ಆರೋಗ್ಯವಾಗಿರಬೇಕಿತ್ತು, ಅಲ್ವಾ? ಉಲ್ಟಾ ಆಯಿತು. ಕೊಬ್ಬು ಸರಿಯಾಗಿ ಹಿಗ್ಗಲಾಗದೆ ಎಣ್ಣೆ ಲಿವರಿಗೆ ಹೋಗಿ ಕೂತಿತು. ಮನೆ ದೊಡ್ಡದು ಮಾಡುವಾಗ ಗೋಡೆ ಒಡೆಯಲೇಬೇಕು. ಒಡೆಯುವವರನ್ನೇ ಓಡಿಸಿದರೆ ಮನೆ ಬೆಳೆಯುವುದಿಲ್ಲ.

ಹುಬ್ಬಳ್ಳಿ_ಮಂದಿ · ಬುಧವಾರ, ಬೆಳಗ್ಗೆ 6.50

ನಂದೂ ಒಂದು. ಐಎಲ್-6 ಉರಿಯೂತದ ಕೆಟ್ಟ ಚೀಟಿ ಅಂತ ಕೋವಿಡ್ ಟೈಮಲ್ಲಿ ಟಿವಿಯವರು ಹೇಳಿ ಹೇಳಿ ಹೆದರಿಸಿದ್ದರು. ಜೋರಾಗಿ ನಡೆದರೆ ಅದೇ ಐಎಲ್-6 ರಕ್ತದಲ್ಲಿ ಏರುತ್ತದೆ ಅಂತ ಓದಿದೆ. ಹಾಗಿದ್ದರೆ ವಾಕಿಂಗ್ ಮಾಡಬೇಕೋ ಬೇಡವೋ? ಇವತ್ತು ಅದೇ ನೆಪದಲ್ಲಿ ಹೋಗಿಲ್ಲ.

ಮುಗಿಯದ_ಪಿಎಚ್‌ಡಿ · ಬೆಳಗ್ಗೆ 7.05

ಎದ್ದು ಹೋಗಿ ರೀ! ಚೀಟಿ ಒಂದೇ, ಬರೆದವರು ಬೇರೆ. ಸ್ನಾಯು ದುಡಿಯುವಾಗ ಬಿಡುವ ಐಎಲ್-6 ಒಂದೆರಡು ಗಂಟೆ ಇದ್ದು ಹೋಗುತ್ತದೆ, ಜೊತೆಗೆ ಟಿಎನ್‌ಎಫ್‌ ಬಾಯಿ ಮುಚ್ಚಿಸುತ್ತದೆ. ಕೋಪನ್‌ಹೇಗನ್ನಿನ ಬೆಂಟೆ ಪೆಡರ್ಸನ್ ತಂಡ ಇದನ್ನು ತುಂಬಾ ವರ್ಷದಿಂದ ನೋಡಿಕೊಂಡು ಬಂದಿದೆ. 2019ರಲ್ಲಿ ಡೊಳ್ಳುಹೊಟ್ಟೆಯವರಿಗೆ 12 ವಾರ ಸೈಕಲ್ ತುಳಿಸಿದರು. ಹೊಟ್ಟೆಯೊಳಗಿನ ಕೊಬ್ಬು ಕರಗಿತು. ಐಎಲ್-6 ತಡೆಯುವ ಔಷಧ ಕೊಟ್ಟು ತುಳಿಸಿದವರಿಗೆ ಕರಗಲಿಲ್ಲ.

ಎರಡು_ಮಕ್ಕಳ_ತಾಯಿ · ಬೆಳಗ್ಗೆ 10.15

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನನ್ನ ಮಗಳಿಗೆ ಟೈಪ್ 1, ಒಂಬತ್ತು ವರ್ಷ. ನೆಂಟರೆಲ್ಲ "ಸಿಹಿ ಜಾಸ್ತಿ ತಿನ್ನಿಸಿದೆ" ಅನ್ನುತ್ತಾರೆ. ಇಲ್ಲಿ ಹೇಳುತ್ತಿರುವುದು ಅವಳಿಗೂ ಅನ್ವಯಿಸುತ್ತದಾ?

ಮುಗಿಯದ_ಪಿಎಚ್‌ಡಿ · ಬೆಳಗ್ಗೆ 10.22

ಇಲ್ಲ ಅಕ್ಕ. ಅವಳದ್ದು ಬೇರೆಯೇ ಕಾಯಿಲೆ. ಅಲ್ಲಿ ಟಿ ಕಣಗಳು ಇನ್ಸುಲಿನ್ ಮಾಡುವ ಕೋಶಗಳನ್ನೇ ಶತ್ರು ಅಂತ ತಪ್ಪು ತಿಳಿದು ಕೊಲ್ಲುತ್ತವೆ. ಸಿಹಿಯಿಂದ ಬಂದದ್ದಲ್ಲ, ನೀವು ತಿನ್ನಿಸಿದ್ದರಿಂದಂತೂ ಅಲ್ಲವೇ ಅಲ್ಲ. ನೆಂಟರಿಗೆ ಈ ಪುಟ ಕಳಿಸಿ.

ಹಲ್ಲಿನ_ಅಂಗಡಿ · ಮಧ್ಯಾಹ್ನ 1.40

ನಾನು ಹಲ್ಲಿನ ಡಾಕ್ಟರ್. ಎಲ್ಲರೂ ಹೊಟ್ಟೆಯನ್ನೇ ನೋಡುತ್ತಿದ್ದೀರಿ, ಬಾಯಿ ಯಾರೂ ನೋಡಲಿಲ್ಲ. ಬೆಣ್ಣೆದೋಸೆಯವರೇ, ರಕ್ತ ಕೊಟ್ಟ ದಿನ ಅವರಿಗೆ ನೆಗಡಿ, ಜ್ವರ, ಹಲ್ಲುನೋವು ಏನಾದರೂ ಇತ್ತಾ? ಬ್ರಷ್ ಮಾಡುವಾಗ ರಕ್ತ ಬರುತ್ತದಾ?

ಬೆಣ್ಣೆದೋಸೆ_ದಾವಣಗೆರೆ · ಮಧ್ಯಾಹ್ನ 2.05

ಅಯ್ಯೋ! ಇತ್ತು. ದವಡೆ ಹಲ್ಲು ಊದಿಕೊಂಡು ಲವಂಗ ಇಟ್ಟುಕೊಂಡೇ ಲ್ಯಾಬಿಗೆ ಹೋಗಿದ್ದರು. ಬ್ರಷ್ ಮಾಡುವಾಗ ರಕ್ತ ಬರುವುದಂತೂ ವರ್ಷಗಳಿಂದ. ಪೇಸ್ಟ್ ಬದಲಾಯಿಸುತ್ತಲೇ ಇದ್ದಾರೆ. ನಾನೇ ಮೊದಲ ಸಲ "ಎಲ್ಲೂ ಊದಿಲ್ಲ" ಅಂತ ಬರೆದಿದ್ದೆ, ನಾಚಿಕೆಯಾಗುತ್ತಿದೆ.

ಹಲ್ಲಿನ_ಅಂಗಡಿ · ಮಧ್ಯಾಹ್ನ 2.30

ನಾಚಿಕೆ ಯಾಕೆ, ಹಲ್ಲನ್ನು ಮೈಯ ಲೆಕ್ಕಕ್ಕೆ ಯಾರೂ ಸೇರಿಸುವುದಿಲ್ಲ. ಹಾಗಾದರೆ ಆ 4.2ನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಸಿಆರ್‌ಪಿ 1ಕ್ಕಿಂತ ಕಡಿಮೆ ಇದ್ದರೆ ಹೃದಯದ ಅಪಾಯ ಕಡಿಮೆ, 3 ದಾಟಿದರೆ ಜಾಸ್ತಿ ಅಂತ ಲೆಕ್ಕ ಇದೆ. ಆದರೆ ಒಂದು ಹಲ್ಲಿನ ಕೀವು, ಒಂದು ನೆಗಡಿ ಸಾಕು ಆ ಲೆಕ್ಕ ಕೆಡಿಸಲು. ಎಲ್ಲ ಗುಣವಾಗಿ ಎರಡು ಮೂರು ವಾರದ ಮೇಲೆ ಬೇಕಿದ್ದರೆ ಮತ್ತೆ ನೋಡಬಹುದು.

ವಸಡಿನ ಕಾಯಿಲೆಗೂ ಶುಗರಿಗೂ ಎರಡೂ ಕಡೆಯಿಂದ ನಂಟು. ಶುಗರ್ ಏರಿದರೆ ವಸಡು ಕೆಡುತ್ತದೆ. ವಸಡು ಕೆಟ್ಟರೆ ಅಲ್ಲಿ ವರ್ಷಗಟ್ಟಲೆ ಬಿಳಿ ರಕ್ತಕಣ ಹೊಡೆದಾಡುತ್ತಿರುತ್ತವೆ, ಶುಗರ್ ಇಳಿಯಲು ಬಿಡುವುದಿಲ್ಲ. ವಸಡಿನೊಳಗೆ ಸರಿಯಾಗಿ ಕ್ಲೀನ್ ಮಾಡಿಸಿದರೆ ಮೂರು ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ ಸರಾಸರಿ 0.4ರಷ್ಟು ಇಳಿಯುತ್ತದೆ ಅಂತ 2022ರ ಕಾಕ್ರೇನ್ ಪರಿಶೀಲನೆ (ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ್ದು) ಹೇಳಿದೆ. ಪಿಎಚ್‌ಡಿ ಮೇಡಂ ಹೇಳಿದ ದುಬಾರಿ ಇಂಜೆಕ್ಷನ್ನಿಗೆ ಹತ್ತಿರ ಹತ್ತಿರ ಬಂತಲ್ಲ? ನನ್ನ ಅಂಗಡಿ ಪ್ರಚಾರ ಅಂದುಕೊಳ್ಳಬೇಡಿ, ಯಾರ ಹತ್ತಿರವಾದರೂ ಹೋಗಿ.

ಬೆಣ್ಣೆದೋಸೆ_ದಾವಣಗೆರೆ · ಸಂಜೆ 6.10

ಮತ್ತೆ ಆ ಪುಡಿ? ಅತ್ತೆ ದಿನಾ ಕೇಳುತ್ತಿದ್ದಾರೆ.

ಅನುಮಾನಪ್ಪ · ಸಂಜೆ 6.25

ಇದಕ್ಕೆ ನಾನು ಉತ್ತರ ಕೊಡುತ್ತೇನೆ, ನಾನೇ ಒಮ್ಮೆ ಇಂಥದ್ದಕ್ಕೆ ದುಡ್ಡು ಹಾಕಿದವನು. ಅರಿಶಿನದ ಕರ್ಕ್ಯುಮಿನ್ ಲ್ಯಾಬಿನ ತಟ್ಟೆಯಲ್ಲಿ, ಕೋಶಗಳ ಮೇಲೆ, ಉರಿಯೂತ ತಡೆಯುವುದು ನಿಜ. ಆದರೆ ನುಂಗಿದರೆ ರಕ್ತಕ್ಕೆ ಸೇರುವುದೇ ಇಲ್ಲ ಅನ್ನುವಷ್ಟು ಕಡಿಮೆ. 1998ರಲ್ಲಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು ಜೊತೆಗೆ ಮೆಣಸಿನ ಪೈಪರಿನ್ ಕೊಟ್ಟು ನೋಡಿದರು. ರಕ್ತಕ್ಕೆ ಸೇರುವುದು 20 ಪಟ್ಟು ಏರಿತು. ಅಂದಿನಿಂದ ಪ್ರಪಂಚದ ಎಲ್ಲ ಡಬ್ಬಿಗಳಲ್ಲೂ ಅರಿಶಿನದ ಜೊತೆ ಮೆಣಸು. ಯಾರೂ ಹೇಳದ ಮಾತು ಏನೆಂದರೆ, ಸೊನ್ನೆಗೆ ಹತ್ತಿರ ಇರುವುದರ 20 ಪಟ್ಟು ಅಂದರೂ ಅಂಥ ದೊಡ್ಡದೇನಲ್ಲ. ಇನ್ನೊಂದು, ಮೆಣಸಿನ ಸತ್ವ ಬೇರೆ ಮಾತ್ರೆಗಳು ರಕ್ತಕ್ಕೆ ಸೇರುವುದನ್ನೂ ಬದಲಾಯಿಸುತ್ತದೆ. ಹೀಗೆ ಗಟ್ಟಿ ಮಾಡಿದ ಅರಿಶಿನದ ಡಬ್ಬಿಗಳಿಂದ ಲಿವರ್ ಕೆಟ್ಟವರ ವರದಿ ಇಟಲಿ, ಅಮೆರಿಕ ಎರಡೂ ಕಡೆ ಬಂದಿದೆ. ಸಾರಿಗೆ ಹಾಕುವ ಚಿಟಿಕೆ ಅರಿಶಿನದಿಂದಲ್ಲ, ಗಾಬರಿ ಬೇಡ. ಫ್ಯಾಟಿ ಲಿವರ್ ಇರುವ ಮನುಷ್ಯನಿಗೆ ಗೊತ್ತಿಲ್ಲದ ಪುಡಿ ಯಾಕೆ ಅಂತ ಅತ್ತೆಯವರಿಗೆ ಹೇಳಿ.

ನಿರ್ವಾಹಕರು · ಸಂಜೆ 6.40

ಚರ್ಚೆ ಚೆನ್ನಾಗಿದೆ. ಇಲ್ಲಿ ಓದಿ ಯಾರೂ ಮಾತ್ರೆ ನಿಲ್ಲಿಸಬೇಡಿ, ಶುರು ಮಾಡಲೂ ಬೇಡಿ. ಪುಡಿ ಮಾರುವವರ ಮೂರು ಕಾಮೆಂಟ್ ತೆಗೆದಿದ್ದೇವೆ.

ಬೆಣ್ಣೆದೋಸೆ_ದಾವಣಗೆರೆ · ನಾಲ್ಕು ತಿಂಗಳ ನಂತರ

ಕೆಲವರು ಮೆಸೇಜ್ ಮಾಡಿ ಕೇಳಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ.

ದವಡೆ ಹಲ್ಲು ಕೀಳಿಸಿದೆವು. ವಸಡು ಎರಡು ಸಲ ಕ್ಲೀನ್ ಆಯಿತು. ಮೂರು ವಾರ ಬಿಟ್ಟು ಸಿಆರ್‌ಪಿ ಮಾಡಿಸಿದರೆ 1.8. ಖುಷಿಯಲ್ಲಿ ಕುಣಿದೆ. ಅದೇ ದಿನ ಬೆಳಗಿನ ಶುಗರ್ 148 ಇತ್ತು, ಕುಣಿತ ನಿಂತಿತು. ಅಂದರೆ ಹಲ್ಲಿನದ್ದು ಒಂದು ಲೆಕ್ಕ, ಹೊಟ್ಟೆಯದ್ದು ಇನ್ನೊಂದು ಲೆಕ್ಕ ಅಂತ ಆಗ ಅರ್ಥವಾಯಿತು.

ರಾತ್ರಿ ಊಟ ಎಂಟಕ್ಕೆ ಮುಗಿಸುತ್ತಿದ್ದಾರೆ. ಮುದ್ದೆ ಎರಡಿದ್ದದ್ದು ಒಂದಾಗಿದೆ, ಕಾಳು ಜಾಸ್ತಿ. ದೋಸೆ ಭಾನುವಾರ ಮಾತ್ರ, ಬೆಣ್ಣೆ ಬಗ್ಗೆ ಇನ್ನೂ ಮಾತುಕತೆ ನಡೆದಿದೆ. ದಿನಾ 40 ನಿಮಿಷ ನಡಿಗೆ, ವಾರಕ್ಕೆ ಎರಡು ದಿನ ಮಗನ ಜೊತೆ ಡಂಬೆಲ್ಸ್. ತೂಕ ಇಳಿದದ್ದು ಬರೀ ಎರಡು ಕೆಜಿ. ಸೊಂಟ 91, ಈ ಸಲ ಹೊಟ್ಟೆ ಎಳೆದುಕೊಳ್ಳದೇ. ಬೆಲ್ಟಿಗೆ ಮನೆಯಲ್ಲೇ ಮೊಳೆ ಕಾಯಿಸಿ ಹೊಸ ತೂತು ಹಾಕಿದೆ. ಎಚ್‌ಬಿಎ1ಸಿ 6.7. ಮೆಟ್‌ಫಾರ್ಮಿನ್ ಹಾಗೇ ಇದೆ. ಸಿಆರ್‌ಪಿ ಮತ್ತೆ ಮಾಡಿಸಬೇಕಾ ಅಂದಿದ್ದಕ್ಕೆ ಡಾಕ್ಟರ್ "ಯಾಕೆ, ದುಡ್ಡು ಜಾಸ್ತಿ ಇದೆಯಾ" ಅಂದರು.

ಸ್ಲೈಡ್_ಮೇಷ್ಟ್ರು · ಅದೇ ದಿನ

ಎರಡು ಕೆಜಿ ಅಂತ ಬೇಜಾರು ಬೇಡ ಅಮ್ಮ. ತೂಕ ಇಳಿಸುವಾಗ ಮೊದಮೊದಲು ಕರಗುವುದರಲ್ಲಿ ಹೊಟ್ಟೆಯೊಳಗಿನದ್ದೂ, ಲಿವರಿನದ್ದೂ ದೊಡ್ಡ ಪಾಲು. ಉಂಗುರ ಸಣ್ಣದಾಗಿರುತ್ತದೆ.

ಮುಗಿಯದ_ಪಿಎಚ್‌ಡಿ · ಅದೇ ದಿನ

ಉಂಗುರದ ಲೆಕ್ಕಕ್ಕೆ ಒಂದು ಸಣ್ಣ ಬಾಲಂಗೋಚಿ. ದೊಡ್ಡವರಾದ ಮೇಲೆ ಕೊಬ್ಬಿನ ಕೋಶದ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ವರ್ಷಕ್ಕೆ ಶೇ. 10ರಷ್ಟು ಸತ್ತು ಹೊಸವು ಬರುತ್ತವೆ. ಇದನ್ನು 2008ರಲ್ಲಿ ಸ್ವೀಡನ್ನಿನವರು ಹೇಗೆ ಕಂಡುಹಿಡಿದರು ಗೊತ್ತಾ? ಹಿಂದೆ ದೇಶಗಳು ಬಯಲಿನಲ್ಲಿ ಅಣುಬಾಂಬ್ ಪರೀಕ್ಷೆ ಮಾಡಿದಾಗ ಗಾಳಿಗೆ ಸೇರಿದ ವಿಕಿರಣದ ಕಾರ್ಬನ್ನು ಎಲ್ಲರ ಮೈಗೂ ಹೋಗಿದೆ. ಕೋಶದ ಡಿಎನ್‌ಎಯಲ್ಲಿ ಅದು ಎಷ್ಟಿದೆ ಅಂತ ನೋಡಿ ಕೋಶ ಹುಟ್ಟಿದ ವರ್ಷ ಹೇಳಿದರು.

ಅಂದಹಾಗೆ ಅಕ್ಕ, ಆ ಡಬ್ಬಿ ಏನಾಯಿತು?

ಬೆಣ್ಣೆದೋಸೆ_ದಾವಣಗೆರೆ · ಅದೇ ದಿನ

ಪುಡಿ ಚೆಲ್ಲಿದೆವು. ಡಬ್ಬಿ ಗಟ್ಟಿಯಾಗಿದೆ ಅಂತ ಅತ್ತೆ ತೊಳೆದು ಅದರಲ್ಲಿ ಮೆಂತ್ಯ ಹಾಕಿಟ್ಟಿದ್ದಾರೆ.

ಕಷಾಯ_ಕಾಕಾ · ಅದೇ ದಿನ

ನಾನು ಮೊದಲೇ ಹೇಳಿದ್ದೆ.